ಹೈ ಅಲ್ಲ, ಉಪ

ನನ್ನ ಗಂಡನಿಗೆ ನೆಂಟರಿಷ್ಟರ ಸಮಾಚಾರ ಬೇಕಿಲ್ಲ, ಪದಗಳ ಬಂಧುಬಳಗವೇ ಸಾಕು. ನಿಘಂಟು ಕಚೇರಿಯ ಕೆಲಸ ಮನೆವರೆಗೂ ಬರುತ್ತದೆ. ಅಂದು ತಿಂಡಿಯ ಹೊತ್ತಿಗೇ ಶುರು ಹಚ್ಚಿಕೊಂಡರು.

“ಗ್ರೀಕರ ‘ಹೈಪೋ’ ಇದೆಯಲ್ಲ, ಅದು ನಮ್ಮ ‘ಉಪ’ದ ಒಡಹುಟ್ಟು. ಅಂದ್ರೆ ಕೆಳಗೆ. ‘ಹೈಪರ್’ ಅಂದ್ರೆ ‘ಉಪರಿ’, ಮೇಲೆ. ಲ್ಯಾಟಿನ್ನಿನ ‘ಸೂಪರ್’, ಇಂಗ್ಲಿಷಿನ ‘ಓವರ್’, ಎಲ್ಲಾ ಅದರ ದಾಯಾದಿಗಳೇ!”

ಅತ್ತೆ ಆಗಲೇ ಇನ್ಸುಲಿನ್ ಚುಚ್ಚಿಸಿಕೊಂಡು ಕೂತಿದ್ದರು. “ನಿನ್ ಮಾತಲ್ಲೇ ಹೊಟ್ಟೆ ತುಂಬ್ತು ಕಣೋ,” ಎಂದು ತಟ್ಟೆ ಸರಿಸಿ ಎದ್ದುಹೋದರು. ನಾವೂ ನಕ್ಕೆವು.

ಸ್ವಲ್ಪ ಹೊತ್ತಿಗೆ ನಾದಿನಿ ಕಿರುಚಿದಳು. ಓಡಿಹೋಗಿ ನೋಡಿದರೆ ಅತ್ತೆ ಮಂಚದ ಮೇಲೆ ಬೆವರಿನಲ್ಲಿ ತೊಯ್ದು ನಡುಗುತ್ತಿದ್ದಾರೆ. ಕಣ್ಣು ನನ್ನ ಮೇಲೇ ಇದೆ, ಗುರುತು ಮಾತ್ರ ಇಲ್ಲ. ನಾದಿನಿ ಆಸ್ಪತ್ರೆಯ ನರ್ಸಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. “ಹೈಪೋ ಇರ್ಬೇಕು, ಬೇಗ...” ಎಂದು ನರ್ಸ್ ಹೇಳುವಷ್ಟರಲ್ಲಿ ಫೋನ್ ಕಟ್ಟಾಯಿತು.

“ಹೈ ಅಂತೆ! ಶುಗರ್ ಹೈ ಆಗಿದ್ಯಂತೆ!” ಎಂದವಳೇ ಇನ್ನೊಂದು ಸಿರಿಂಜಿಗೆ ಇನ್ಸುಲಿನ್ ಎಳೆದಳು. ಅತ್ತೆಯ ತೋಳು ಹಿಡಿದಳು.

ಬಾಗಿಲಲ್ಲಿದ್ದ ನನ್ನ ಗಂಡ ಬಿಳಿಚಿಕೊಂಡರು. “ಹೈ ಅಲ್ಲ ಕಣೇ! ಉಪ! ಉಪ!”

“ಉಪ್ಪಾ?” ನಾದಿನಿ ಸಿರಿಂಜನ್ನು ಹಾಸಿಗೆಯ ಮೇಲೆಸೆದು ಅಡುಗೆಮನೆಗೆ ಓಡಿದಳು.

ಇವರು ನಿಂತಲ್ಲೇ ನಿಂತು “ಉಪ, ಉಪ” ಎನ್ನುತ್ತಲೇ ಇದ್ದರು. ಕೈಗೆ ಸಿಕ್ಕಿದ್ದರಲ್ಲಿ ಎರಡು ಬಿಡಬೇಕು ಎನ್ನಿಸಿತು. ಅಷ್ಟರಲ್ಲಿ ಬೆಳಗಿನ ಪುರಾಣ ನೆನಪಾಯಿತು. ಉಪ ಅಂದರೆ ಕೆಳಗೆ, ಹೈಪೋ ಅಂದರೆ ಶುಗರ್ ಕೆಳಗಿಳಿದಿದೆ. ಇನ್ಸುಲಿನ್ ಆಗಿತ್ತು, ತಿಂಡಿ ತಟ್ಟೆಯಲ್ಲೇ ಇತ್ತಲ್ಲ! ಸಕ್ಕರೆ ಡಬ್ಬಿ ತಂದು, ನೀರಿಗೆ ಸುರಿದು ಕದಡಿ, ಚಮಚ ಚಮಚವಾಗಿ ಕುಡಿಸಿದೆ. ಮೊದಲು ತುಟಿಯಂಚಿನಲ್ಲಿ ಸೋರಿತು. ಆಮೇಲೆ ಗುಟುಕರಿಸಿದರು.

ನಾದಿನಿ ಮುಷ್ಟಿತುಂಬ ಉಪ್ಪು ಹಿಡಿದು ಬಂದವಳು, ನನ್ನ ಕೈಯಲ್ಲಿದ್ದ ಡಬ್ಬಿ ನೋಡಿ ಉಪ್ಪನ್ನು ಹಾಗೇ ನೆಲಕ್ಕೆ ಸುರಿದುಬಿಟ್ಟಳು.

ಎಷ್ಟೋ ಹೊತ್ತಿನ ಮೇಲೆ ಅತ್ತೆ ತುಟಿ ಚಪ್ಪರಿಸಿದರು. “ಇಷ್ಟು ಸಿಹಿ ನಂಗೆ ಕೊಡ್ಬಾರ್ದು ಕಣೇ,” ಎಂದರು.

ನನಗೆ ಅಳು ಒತ್ತರಿಸಿ ಬಂತು. ನನ್ನ ಗಂಡ ಹಾಸಿಗೆಯ ಮೇಲಿನ ತುಂಬಿದ ಸಿರಿಂಜನ್ನು ಎತ್ತಿಕೊಂಡು ನೋಡುತ್ತಾ ನಿಂತಿದ್ದರು.

“ಸಕ್ಕರೆ ಅನ್ನೋ ಮಾತು ನಂಗೆ ಬಾಯಿಗೇ ಬರ್ಲಿಲ್ಲ ಕಣೇ,” ಎಂದರು.