ಮೋಟರಿನ ಮೇಲಿನ ಕುಂಕುಮ

1
ಈ ಕಥೆಯನ್ನು ಸಾವಿನಿಂದ ಶುರು ಮಾಡಬೇಕೋ, ಸ್ಕ್ರೂಡ್ರೈವರಿನಿಂದಲೋ? ಸಾವಿನಿಂದಾದರೆ ನೀವು ಕೂಡಲೇ ಮೆತ್ತಗಾಗುತ್ತೀರಿ. ಅದು ಅಗ್ಗದ ಉಪಾಯ. ಒಂದೇ ವಾಕ್ಯದಲ್ಲಿ ಮುಗಿಸುತ್ತೇನೆ: ವಾಡಿಯ ಗಣಿತದ ಟೀಚರ್ ವೃಂದಾ ಹೋದ ವರ್ಷ ತೀರಿಕೊಂಡಳು. (ಪತ್ರಿಕೆಯಲ್ಲಿದ್ದಾಗಲೂ ಇಂಥ ಸುದ್ದಿಗೆ ಇಷ್ಟೇ ಜಾಗ ಕೊಡುತ್ತಿದ್ದೆ.)

ಇನ್ನು ಸ್ಕ್ರೂಡ್ರೈವರ್. ಅದು ಅವಳ ಅಣ್ಣ ಕೌಸ್ತುಭನ ಕೈಯಲ್ಲಿದೆ. ಚಿತ್ತಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಅವನ ಮುಂದೆ ಪರಸಿ ಕಲ್ಲಿನ ನೆಲದ ಮೇಲೆ ಎಂಬತ್ತರ ದಶಕದ ಹೋಂ ಕಂಪ್ಯೂಟರ್ ಮತ್ತು ಅದರ ಫ್ಲಾಪಿ ಡ್ರೈವ್. ಅಪ್ಪ ಅದನ್ನು ಮಗನಿಗೆಂದೇ ತಂದಿದ್ದರು. ತಂಗಿ ಮುಟ್ಟಬಾರದೆಂದು ಕೌಸ್ತುಭ ಅದಕ್ಕೆ ಬಟ್ಟೆ ಹೊದಿಸಿ ಕಾಲೇಜಿಗೆ ಓದಲು ಹೋಗುತ್ತಿದ್ದ. ಅವನು ಹೋದಮೇಲೆ ವೃಂದಾ ಬಟ್ಟೆ ತೆಗೆಯುತ್ತಿದ್ದಳು.

ಹಾಗೆ ಕದ್ದು ಕಲಿತು ಅವಳು ಮಾಡಿದ ಆಟ ಒಂದೇ ಒಂದು ಫ್ಲಾಪಿಯಲ್ಲಿದೆ. ಹೆಸರು ‘ವಾಡಿ ಜಂಕ್ಷನ್’. ಚೌಕಚೌಕದ ರೈಲೊಂದು ಪ್ಲಾಟ್‌ಫಾರ್ಮಿಗೆ ಬರುತ್ತದೆ. ಸ್ಟೇಷನ್ ಮಾಸ್ಟರ್ ಹೆಸರು ನರ್ಮದಾ. ಅದು ಅಣ್ಣ-ತಂಗಿಯ ತಾಯಿಯ ಹೆಸರು. ಆ ತಾಯಿಗೆ ಈಗ ಕಣ್ಣು ಮಂಜಾಗುತ್ತಿದೆ, ಉಳಿದದ್ದೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ.

“ಪೂರ್ತಿ ಹೋಗೋದ್ರೊಳಗ ಒಂದ್ಸಲ ಅಕಿ ರೈಲು ತೋರ್ಸೋ,” ಎಂದಿದ್ದಾಳೆ ಮಗನಿಗೆ.

2
(ಮೊದಲ ಡ್ರಾಫ್ಟಿನಲ್ಲಿ, ಡ್ರೈವ್ ಕೆಟ್ಟು ನಿಂತದ್ದರ ತಪ್ಪೆಲ್ಲ ವಾಡಿಯ ಕಾರ್ಖಾನೆಯ ಸಿಮೆಂಟ್ ಧೂಳಿನದು. ಕೌಸ್ತುಭ ಬ್ರಷ್ ಆಡಿಸಿದ, ರೈಲು ಬಂತು, ತಾಯಿ ಅತ್ತಳು. ಹರಿದು ಹಾಕಿದೆ.)

ಮತ್ತೆ 2
ಧೂಳು ಇದ್ದದ್ದು ನಿಜ. ಅವನು ಅದನ್ನು ತೆಗೆದ. ಒಣಗಿದ ಗ್ರೀಸ್ ಕೆರೆದು ಹೊಸದು ಹಚ್ಚಿದ. ಫ್ಲಾಪಿಯನ್ನು ಓದುವ ಹೆಡ್ಡನ್ನು ಸ್ಪಿರಿಟ್‌ನಿಂದ ಒರೆಸಿದ. ಡ್ರೈವ್ ಸರಿಯಾಗುವ ತನಕ ತಂಗಿಯ ಫ್ಲಾಪಿ ಹಾಕಬಾರದೆಂದು ಹೈದರಾಬಾದಿನಿಂದ ಬೇರೆ ಫ್ಲಾಪಿ ತರಿಸಿದ. ಇದು ಸರಿಯಾದ ಕ್ರಮ. ಯಾರೂ ತಪ್ಪು ಹೇಳುವಂತಿಲ್ಲ.

ಡ್ರೈವ್ ಹೈದರಾಬಾದಿನ ಫ್ಲಾಪಿಯನ್ನು ಓದಲಿಲ್ಲ. ಹುಡುಕಿದಾಗ ಕಾರಣ ಸಿಕ್ಕಿತು: ಹೆಡ್ಡನ್ನು ಸರಿಸುವ ಮೋಟರ್ ಕೂದಲೆಳೆಯಷ್ಟು ತಿರುಗಿ ಕೂತಿತ್ತು. ಅದರ ಅಂಚಿನಲ್ಲೊಂದು ಕುಂಕುಮದ ಬೊಟ್ಟು. ಎದುರಿಗೆ ಚೌಕಟ್ಟಿನ ಮೇಲೆ ಇನ್ನೊಂದು.

“ದಸರಾದಾಗ ಮೋಟರಿಗೂ ಪೂಜಿ ಮಾಡೀಯೇನವ್ವಾ?” ಎಂದು ನಗುತ್ತ ಎರಡನ್ನೂ ಒರೆಸಿದ. ಸ್ಕ್ರೂ ಸಡಿಲಿಸಿ ಮೋಟರ್ ತಿರುಗಿಸಿದ. ಡ್ರೈವ್ ಹೈದರಾಬಾದಿನದನ್ನು ಸಲೀಸಾಗಿ ಓದಿತು.

“ನಾ ಹಚ್ಚೋದು ಡಬ್ಬಿ ಮ್ಯಾಲ,” ಎಂದಳು ನರ್ಮದಾ ಅಡುಗೆಮನೆಯಿಂದ ಬಂದು. “ಒಳಗಿಂದು ತೆಗೀಲಿಕ್ಕ ನನಗೆಲ್ಲಿ ಬರ್ತದ? ಅದು ವೃಂದಾನ ಬೊಟ್ಟು. ಎರಡೂ ಎದುರಾಬದುರು ಇದ್ರನೇ ರೈಲು ಬರ್ತದ ಅಂತಿದ್ಲು. ಎಲ್ಲಿ ಅವ?”

ಬೊಟ್ಟುಗಳು ಅವನ ಕೈಯ ಬಟ್ಟೆಯಲ್ಲಿದ್ದವು.

3
ವಿಷಯ ಇಷ್ಟು. ಒಮ್ಮೆ ಧೂಳು ತೆಗೆಯಲು ವೃಂದಾ ಡ್ರೈವ್ ಬಿಚ್ಚಿದ್ದಳು; ಮೋಟರನ್ನು ಕಣ್ಣಂದಾಜಿನಲ್ಲಿ ಕೂರಿಸಿದ್ದಳು. ಆಮೇಲೆ ಬರೆದದ್ದೆಲ್ಲ ಆ ಸರಿದ ಜಾಗದಲ್ಲೇ ದಾಖಲಾಯಿತು. ಅಲ್ಲಿ ನಿಂತರಷ್ಟೇ ಹೆಡ್ಡಿಗೆ ಅದು ಸಿಗುತ್ತದೆ. ಅವಳಿಗೆ ಇದು ಗೊತ್ತಿತ್ತು, ಗುರುತು ಮಾಡಿಟ್ಟಳು. ಅಣ್ಣ ಡ್ರೈವನ್ನು ಸರಿ ಮಾಡಿದ. ಸರಿಯಾದ ಡ್ರೈವಿಗೆ ಅವಳ ಫ್ಲಾಪಿ ಹಾಕಿದರೆ ಪರದೆಯ ಮೇಲೆ ಬರುವುದು ‘ಡಿಸ್ಕ್ ಫಾಲ್ಟ್’ ಮಾತ್ರ.

ತಿರುಗಿಸಿ ತಿರುಗಿಸಿ ಹಳೇ ಜಾಗ ಹುಡುಕಬಹುದಲ್ಲ ಎನ್ನುತ್ತೀರಿ. ಹುಡುಕಬಹುದು. ಆದರೆ ಫ್ಲಾಪಿ ಹಳತಾಗಿದೆ. ಒಂದೊಂದು ಪ್ರಯತ್ನಕ್ಕೂ ಅದರ ಕಂದು ಲೇಪ ಹೆಡ್ಡಿಗೆ ಉಜ್ಜಿ ಉದುರುತ್ತದೆ. ಹುಡುಕುವುದೂ ಅಳಿಸುವುದೂ ಇಲ್ಲಿ ಒಂದೇ ಕೆಲಸ.

4
“ಕಥಿಯೊಳಗ ನನ್ನ ಭಾಳ ಕೆಟ್ಟವನ ಮಾಡಾಕತ್ತೀರಿ,” ಎಂದ ಕೌಸ್ತುಭ, ನನಗೆ.

“ಒರೆಸಿದ್ದು ಸುಳ್ಳೇ?”

“ಮಷೀನಿನೊಳಗ ಕುಂಕುಮ ಕಂಡ್ರ ಯಾರಿದ್ರೂ ಒರಸ್ತಾರ್ರೀ.”

ವೃಂದಾ ಒರೆಸುತ್ತಿರಲಿಲ್ಲ, ಮೊದಲು ಕೇಳುತ್ತಿದ್ದಳು ಎಂದು ಟೈಪ್ ಮಾಡಿದೆ. ಅವನು ಬಗ್ಗಿ ಓದಿದ.

“ಅದನ್ನ ಕಟ್ ಮಾಡ್ರಿ.”

ಮಾಡಲಿಲ್ಲ.

5
ಈ ಕಥೆಗೆ ಸಾಧ್ಯವಿರುವ ಅಂತ್ಯಗಳು. (ಅ) ಕೌಸ್ತುಭ ಫ್ಲಾಪಿಯನ್ನು ಎತ್ತಿಡುತ್ತಾನೆ. ರೈಲು ಉಳಿಯುತ್ತದೆ, ನೋಡುವ ಕಣ್ಣು ಉಳಿಯುವುದಿಲ್ಲ. (ಆ) ಅವನೇ ಬೇರೆ ಆಟ ಬರೆದು, ಇದೇ ಅದು ಎಂದು ತಾಯಿಗೆ ತೋರಿಸುತ್ತಾನೆ. ಇದಕ್ಕೆ ಅವನು ಒಪ್ಪಲಿಲ್ಲ. ಅಷ್ಟು ಮರ್ಯಾದೆ ಅವನಿಗಿದೆ.

ನರ್ಮದಾ ನನ್ನ ಕಡೆ ತಿರುಗಿದಳು. “ನೀವು ಬರಿಯೋರು. ರೈಲು ಬಂತು ಅಂತ ಬರದ್ರ ಬರ್ತದಿಲ್ಲೋ?”

ಪತ್ರಿಕೆಯ ಡೆಸ್ಕಿನಲ್ಲಿ ಕಲಿತದ್ದನ್ನೆಲ್ಲ ಪಕ್ಕಕ್ಕಿಟ್ಟು ಬರೆದೆ. (ಇ) ಮೋಟರ್ ಹಳೇ ಜಾಗಕ್ಕೆ ಬಂತು. ಡ್ರೈವ್ ಗೊರಗುಟ್ಟಿತು. ಚೌಕಚೌಕದ ರೈಲು ನೇರ ಪ್ಲಾಟ್‌ಫಾರ್ಮಿಗೆ ಬಂದು ನಿಂತಿತು.

ಆಕೆ ಪರದೆಯ ಹತ್ತಿರ ಮುಖವಿಟ್ಟು ನೋಡಿದಳು.

“ಇದು ನಿಮ್ಮ ರೈಲು.”

“ಹೇಗೆ ಗೊತ್ತಾಯಿತು?”

“ಟೈಮಿಗೆ ಬಂತಲ್ಲ. ಅಕೀದು ಯಾವಾಗ್ಲೂ ಲೇಟ್. ನಾ ಇನ್ನೊಂದೀಟು ಹೊತ್ತು ತನ್ನ ಬಾಜೂಕ ಕುಂದರ್ಲಿ ಅಂತ ಹಂಗ ಮಾಡಿದ್ಲು.” ಮತ್ತೆ ಹೇಳಿದಳು: “ಅಳಸ್ರಿ. ಒರಸೋದು ಎಲ್ಲಾರಿಗೂ ಬರ್ತದಲ್ಲ.”

ಅಳಿಸಿದೆ.

6
ಕೌಸ್ತುಭ ದೇವರ ಗೂಡಿನಿಂದ ಕುಂಕುಮದ ಭರಣಿ ತಂದ. ಈಗ ಅವನು ಪ್ರತಿ ಪ್ರಯತ್ನಕ್ಕೂ ಮೊದಲು ಗುರುತು ಮಾಡುತ್ತಾನೆ. ಕೂದಲೆಳೆಯಷ್ಟು ತಿರುಗಿಸುತ್ತಾನೆ, ತಂಗಿಯ ಫ್ಲಾಪಿ ಹಾಕುತ್ತಾನೆ, ತೆಗೆಯುತ್ತಾನೆ, ಹೆಡ್ಡಿನ ಮೇಲಿನ ಕಂದು ಪುಡಿ ಒರೆಸುತ್ತಾನೆ. ತಾಯಿ ಪಕ್ಕದಲ್ಲೇ ಕೂತಿದ್ದಾಳೆ.

“ಬಂತೇನೋ?”

ಇದಕ್ಕೆ ಉತ್ತರ ನಾನು ಬರೆಯುವಂತಿಲ್ಲ; ನನ್ನ ರೈಲು ಬೇಡವೆಂದು ಆಕೆಯೇ ಹೇಳಿದ್ದಾಳೆ. ಕಂಡದ್ದನ್ನಷ್ಟೇ ವರದಿ ಮಾಡಬಲ್ಲೆ: ಮೋಟರಿನ ಅಂಚಿನ ಸುತ್ತ ಈಗ ಸಾಲು ಬೊಟ್ಟುಗಳಿವೆ. ಒಂದೂ ವೃಂದಾ ಇಟ್ಟದ್ದಲ್ಲ.