ಬಲಗಡೆಯ ಮೂರನೇ ಕಿಟಕಿ

ಪ್ರಸಾದನನ್ನು ಮಣ್ಣು ಮಾಡಿದ ಮರುದಿನವೇ ಮೇಘಾ ಅವನ ಬಟ್ಟೆಗಳನ್ನೆಲ್ಲ ತೊಳೆದು ಹಾಕಿದ್ದಳು. ಅಳು ಬಂದಿರಲಿಲ್ಲ, ಕೈಗೆ ಏನಾದರೂ ಕೆಲಸ ಬೇಕಾಗಿತ್ತು. ಅಂಗಿ, ಪ್ಯಾಂಟು, ಬನಿಯನ್ನು, ಹೊದಿಕೆ, ತಲೆದಿಂಬಿನ ಚೀಲ, ಒಂದನ್ನೂ ಬಿಡಲಿಲ್ಲ. ಸಂಜೆ ಹಗ್ಗದ ತುಂಬ ನೇತಾಡುತ್ತಿದ್ದ ಅಂಗಿಗಳನ್ನು ಕಂಡು ಅತ್ತೆ ಬಸವಣ್ಣೆವ್ವ ಅಂಗಳದಲ್ಲೇ ಕುಸಿದು ಕೂತಳು.

“ನನ್ನ ಮಗನ ವಾಸನಿ ತೊಳದ ಬಿಟ್ಯಲ್ಲ,” ಅಂದಳು. “ಒಂದರೆ ಹಂಗ ಇಡಬಾರದಾಗಿತ್ತೇನ?”

ಅಂದಿನಿಂದ ಅನಗೋಳದ ಆ ಮನೆಯಲ್ಲಿ ದಿನವೂ ಟ್ರಂಕಿನ ಮುಚ್ಚಳ ತೆರೆಯುವ ಸದ್ದು ಕೇಳುತ್ತಿತ್ತು. ಬಸವಣ್ಣೆವ್ವ ಒಂದೊಂದೇ ಅಂಗಿ ತೆಗೆದು ಮೂಸುತ್ತಿದ್ದಳು. ಎಲ್ಲದರಲ್ಲೂ ಸಾಬೂನು. ಮಡಚಿ ಇಟ್ಟು ಎದ್ದುಹೋಗುತ್ತಿದ್ದಳು. ಸೊಸೆಯ ಜೊತೆ ಅವಳ ಮಾತು ಊಟ ಆಯಿತೇ, ನೀರು ಬಂತೇ ಎಂಬಷ್ಟಕ್ಕೆ ನಿಂತಿತ್ತು. ಪ್ರಸಾದ ಸತ್ತದ್ದು ಮೇಘಾಳನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬೈಕಿನಲ್ಲಿ ಫೌಂಡ್ರಿಗೆ ಹೋಗುವಾಗ, ಲಾರಿಯ ಅಡಿಗೆ ಬಿದ್ದು. ಬಂದ ಬೀಗರೆದುರು ಬಸವಣ್ಣೆವ್ವ ಒಮ್ಮೆ, ಆಕಿ ಆಟೋದಾಗ ಹೋಗಿದ್ದರ, ಎಂದು ಶುರುಮಾಡಿ ಮಾತನ್ನು ಅರ್ಧಕ್ಕೇ ನುಂಗಿದ್ದಳು. ಉಳಿದರ್ಧ ಮನೆಯಲ್ಲೇ ಇತ್ತು.

ರಜೆ ಮುಗಿದ ದಿನ ಮೇಘಾ ಹಳೆಯ ಬ್ಯಾಗನ್ನೇ ಹೆಗಲಿಗೇರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದಳು. ಅವಳು ಪಾಠ ಹೇಳುವ ಕಾಲೇಜು ಖಾನಾಪುರದಲ್ಲಿ.

ಹೆಂಗಸರಿಗೆ ಪ್ರಯಾಣ ಬಿಟ್ಟಿಯಾದ ಮೇಲೆ ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಬಸ್ಸು ಸ್ಟ್ಯಾಂಡಿನೊಳಗೆ ತಿರುಗುತ್ತಿದ್ದಂತೆಯೇ ಪ್ರಸಾದ ಅದರ ಬಾಜೂಕೆ ಓಡಿ, ಬಲಗಡೆಯ ಮೂರನೇ ಕಿಟಕಿಯೊಳಗೆ ತನ್ನ ಕರ್ಚೀಪು ಎಸೆಯುತ್ತಿದ್ದ. ಮುಂಜಾನೆಯ ಬಿಸಿಲು ಎಡಕ್ಕೆ ಬೀಳುತ್ತದೆಂದು ಬಲಗಡೆ. ಕರ್ಚೀಪು ಬಿದ್ದ ಸೀಟಿನಲ್ಲಿ ಬೇರೆಯವರು ಕೂರುವುದಿಲ್ಲ, ಅದು ಬಸ್ಸಿನ ನ್ಯಾಯ. ಗದ್ದಲವೆಲ್ಲ ಹತ್ತಿದ ಮೇಲೆ ಮೇಘಾ ಸಾವಕಾಶ ಹತ್ತಿ, ಅದನ್ನೆತ್ತಿ ಬ್ಯಾಗಿಗೆ ಹಾಕಿಕೊಂಡು ಕೂತು ಪುಸ್ತಕ ತೆರೆಯುತ್ತಿದ್ದಳು. ಹೊರಗೆ ನಿಂತವನತ್ತ ನೋಡುತ್ತಿರಲಿಲ್ಲ. ಫೌಂಡ್ರಿಯ ಕಪ್ಪು ಹತ್ತಿದ ಆ ಬಟ್ಟೆಯನ್ನು ಸಂಜೆ ಎರಡೇ ಬೆರಳಲ್ಲಿ ಹಿಡಿದು ಬಕೀಟಿಗೆ ಬಿಡುತ್ತಿದ್ದಳು.

ಕಾಲೇಜಿನ ಹುಡುಗರು ನೋಡುತ್ತಾರೆ, ಹಮಾಲರ ಹಾಗೆ ಓಡಬೇಡಿ ಎಂದು ಒಮ್ಮೆ ಸಿಡುಕಿದ್ದಳು. ಅವನು ನಕ್ಕಿದ್ದ. “ಓಡಾಂವ ನಾ, ಕುಂದರಾಕಿ ನೀ. ನಡುವ ನಾಚಿಕಿ ಯಾರಿಗೆ?”

ಈ ದಿನವೂ ಅವಳು ರೂಢಿಯಂತೆ ಎಲ್ಲರಿಗಿಂತ ಕೊನೆಗೆ ಹತ್ತಿದಳು. ಬಲಗಡೆ, ಮೂರನೇ ಕಿಟಕಿ. ಸೀಟಿನ ಮೇಲೆ ಕರ್ಚೀಪು ಬಿದ್ದಿತ್ತು. ಎತ್ತಿ ಬ್ಯಾಗಿಗೆ ಹಾಕಿಕೊಂಡು ಕೂತಳು.

“ಅಕ್ಕಾರ,” ಎಂದಿತು ತಲೆಯ ಮೇಲಿಂದ ಒಂದು ದನಿ. “ಜಾಗಾನೂ ನಿಮಗ, ಕರ್ಚೀಪೂ ನಿಮಗ ಅಂದ್ರ ಹೆಂಗ್ರಿ?”

ಹತ್ತಿರದವರು ನಕ್ಕರು. ಕೇಳಿದ ಗಂಡಸಿನ ಹಿಂದೆ ಅವನ ಹೆಂಡತಿ ನಿಂತಿದ್ದಳು. ಮೇಘಾ ಗಾಬರಿಯಾಗಿ ಬ್ಯಾಗಿನೊಳಗೆ ಕೈಹಾಕಿದಳು. ಕೈಗೆ ಎರಡು ಕರ್ಚೀಪು ಬಂದವು. ಒಂದು ಬಿಳಿಯದು. ಇನ್ನೊಂದು ಮುದುಡಿ ಉಂಡೆಯಾದದ್ದು, ಅಂಚಿಗೆ ಕಪ್ಪು ಹತ್ತಿದ್ದು. ಪ್ರಸಾದನ ಕೊನೆಯ ದಿನದ್ದು. ಆ ಸಂಜೆ ಅದನ್ನು ತೆಗೆಯುವವರು ಯಾರಿದ್ದರು.

ಬಿಳಿಯದು ತನ್ನದೆಂದು ಅವನು ತೆಗೆದುಕೊಂಡ. ಅವಳು ಎದ್ದು ನಿಂತಳು. ಹೆಂಡತಿ ಕೂರುತ್ತ, ಮೂಗು ಒರೆಸಿದ ಕರ್ಚೀಪು ಎಸೆದು ಜಾಗ ಹಿಡಿಯಬೇಡವೆಂದರೆ ಕೇಳುವುದಿಲ್ಲ ಈ ಮನುಷ್ಯ, ಎಂದು ಗಂಡನನ್ನು ಬೈದಳು. ಮೇಘಾಳಿಗೆ ಅವಳಿಗೊಂದು ಮಾತು ಹೇಳಬೇಕೆನಿಸಿತು. ಪೀರನವಾಡಿ ಹೋಯಿತು, ಮಚ್ಚೆ ಹೋಯಿತು. ಖಾನಾಪುರದವರೆಗೂ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಬ್ಯಾಗಿನ ಬಾಯಿ ಬಿಗಿಹಿಡಿದು ನಿಂತೇ ಹೋದಳು. ಒಳಗಿನದು ಗಾಳಿಗೆ ಹೊರಟುಹೋದೀತೆಂಬಂತೆ.

ದಿನವಿಡೀ ಅದನ್ನು ಹೊರಗೆ ತೆಗೆಯಲಿಲ್ಲ, ಮೂಸಲಿಲ್ಲ. ತೊಳೆಯದೆ ಉಳಿದದ್ದು ಇದೊಂದೇ. ಇಟ್ಟುಕೊಂಡರೆ ಅತ್ತೆಗೆ ಎಂದೂ ಗೊತ್ತಾಗುವುದಿಲ್ಲ. ಅವನು ಓಡಿದ್ದು ತನಗಾಗಿ, ಎಸೆದದ್ದು ತನ್ನ ಸೀಟಿಗೆ. ಕೊಟ್ಟರೆ ಅದು ಟ್ರಂಕಿಗೆ ಹೋಗುತ್ತದೆ. ಮರಳುವ ಬಸ್ಸಿನಲ್ಲೂ ಇದೇ ಯೋಚನೆ. ಮನೆ ಹೊಕ್ಕಾಗ ಬಸವಣ್ಣೆವ್ವ ಟ್ರಂಕಿನ ಮುಂದೆಯೇ ಕೂತಿದ್ದಳು, ಮೊಣಕಾಲ ಮೇಲೆ ನೀಲಿ ಅಂಗಿ.

ಮೇಘಾ ಕರ್ಚೀಪನ್ನು ಆ ಅಂಗಿಯ ಮೇಲಿಟ್ಟಳು.

“ಇದನ್ನ ತೊಳದಿಲ್ರಿ, ಅತ್ತಿ.”

ಬಸವಣ್ಣೆವ್ವ ಅದನ್ನು ಮೆಲ್ಲಗೆ ಬಿಡಿಸಿ ಮುಖಕ್ಕೆ ಒತ್ತಿಕೊಂಡಳು. ಬಹಳ ಹೊತ್ತು ಹಾಗೇ ಇದ್ದಳು. ಕೆಳಗಿಳಿಸಿದಾಗ ಮುಖ ಬತ್ತಿತ್ತು.

“ನಿನ್ನ ಬುತ್ತಿ ಉಪ್ಪಿನಕಾಯಿ ವಾಸನಿ ಐತಿ. ನಿನ್ನ ಪೌಡರಿಂದು ಐತಿ. ಅವಂದಿಲ್ಲ.” ಕರ್ಚೀಪನ್ನು ತಿರುವಿ ನೋಡಿ ಕೇಳಿದಳು, “ನಿನ್ನ ಬ್ಯಾಗಿನ್ಯಾಗ ಹೆಂಗ ಬಂತಿದು?”

ಮೇಘಾ ಹೇಳಿದಳು. ಬಸ್ಸು, ಕಿಟಕಿ, ಬಿಸಿಲು ಬೀಳದ ಬದಿ, ಅವನು ಓಡುತ್ತಿದ್ದುದು, ತಾನು ಒಮ್ಮೆಯೂ ತಿರುಗಿ ನೋಡದಿದ್ದುದು. ಬಸವಣ್ಣೆವ್ವ ಕರ್ಚೀಪಿನ ಅಂಚನ್ನು ಬೆರಳಲ್ಲಿ ಸವರುತ್ತ ಕೇಳಿದಳು.

“ಇವರಪ್ಪ ಬಸ್ ಬಂತಂದ್ರ ತಾನು ಮೊದಲ ಹತ್ತಿ ಕುಂದರತಿದ್ದ,” ಅಂದಳು ಕೊನೆಗೆ. “ನಾ ಕೂಸಿನ್ನ ಬಗಲಾಗ ಇಟಗೊಂಡು ನಿಂತು ಬರತಿದ್ನಿ. ಆ ಕೂಸು ಇದನ್ನೆಲ್ಲಿ ಕಲೀತು?”

ಮೇಘಾ ಎದುರಿಗೆ ಕೂತು ಕರ್ಚೀಪನ್ನು ಕೈಗೆ ತೆಗೆದುಕೊಂಡಳು. ಮೊದಲ ಸಲ ಮೂಸಿದಳು, ಒಂದೊಂದೇ ಮೂಲೆ. ಉಪ್ಪಿನಕಾಯಿ, ಪೌಡರು, ಬಸ್ಸಿನ ಧೂಳು. ಬೇರೇನೂ ಇರಲಿಲ್ಲ. ಕಪ್ಪು ಹತ್ತಿದ ಮೂಲೆಯನ್ನು ಅತ್ತೆಯತ್ತ ಚಾಚಿದಳು.

“ಇಲ್ಲಿ ಐತ್ರಿ, ಅತ್ತಿ. ಈ ಮೂಲ್ಯಾಗ, ಸ್ವಲ್ಪ.”

ಬಸವಣ್ಣೆವ್ವ ಬಾಗಿ ಮೂಸಿದಳು. ತಲೆಯೆತ್ತಿ ಸೊಸೆಯ ಮುಖವನ್ನು ನೋಡಿದಳು.

“ಹೂಂ,” ಅಂದಳು. “ಐತಿ.”