ನಾಲ್ಕು ಸ್ಕ್ರೂಗಳ ಇನ್ವರ್ಟರ್

"ಇದರ ಸ್ಕ್ರೂ ಎಲ್ಲಿ?" ಬಿಳಿ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ನೋಡುತ್ತಾ ಬಿಚ್ಚಪ್ಪ ಕೇಳಿದ.

ಕೌಂಟರಿನ ಮೇಲೆ ಎರಡು ಇನ್ವರ್ಟರುಗಳಿದ್ದವು. ಕಾರಿನ ಬ್ಯಾಟರಿಗೆ ಸೇರಿಸಿದರೆ ಮನೆಯ ಗೋಡೆಯಲ್ಲಿ ಸಿಗುವಂಥ ಕರೆಂಟು ಕೊಡುವ ಪೆಟ್ಟಿಗೆಗಳು. ಒಂದು ಬೆಳ್ಳಗೆ, ಸೋಪಿನ ಬಿಲ್ಲೆಯ ಹಾಗೆ ನುಣ್ಣಗೆ, ಸುತ್ತಲೂ ಅಂಟಿಸಿ ಮುಚ್ಚಿದ್ದು. ಇನ್ನೊಂದು ಕಪ್ಪು ತಗಡಿನದು, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ.

"ಅದಕ್ಕೆ ಸ್ಕ್ರೂ ಇಲ್ಲ ಸಾರ್, ಬಿಚ್ಚಕ್ಕೆ ಬರಲ್ಲ," ಎಂದಳು ಅಂಗಡಿಯಾಕೆ. "ಯಾವುದಕ್ಕೆ ಹಾಕ್ತೀರ?"

"ಆಕ್ಸಿಜನ್ ಮಿಷನ್ನಿಗೆ. ನಮ್ಮ ಮನೆಯವಳಿಗೆ."

"ಹಾಗಿದ್ರೆ ಕಣ್ಮುಚ್ಚಿ ಬಿಳೀದು ತಗೊಳ್ಳಿ. ಅದರ ಕರೆಂಟು ನಯ, ಮನೆ ಕರೆಂಟಿನ ಥರಾನೇ ಬರುತ್ತೆ. ಈ ಕಪ್ಪುದು ಒರಟು. ಬಲ್ಬಿಗೆ, ಫೋನಿಗೆ ಸರಿಹೋಗುತ್ತೆ. ಮೋಟರು ಇರೋ ಸಾಮಾನಿಗೆ ಹಾಕಿದ್ರೆ ಎರಡೂ ಬಿಸಿಯಾಗ್ತವೆ."

ಬಿಚ್ಚಪ್ಪ ನಕ್ಕ. ಅವನು ಮೂವತ್ತೈದು ವರ್ಷದಿಂದ ಫ್ಯಾನು, ಪಂಪು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡಿಕೊಂಡು ಬಂದವನು. ಕೈಗೆ ಸಿಕ್ಕಿದ್ದನ್ನೆಲ್ಲ ಮೊದಲು ಬಿಚ್ಚಿ ಆಮೇಲೆ ಏನಾಗಿದೆಯೆಂದು ಕೇಳುವ ಚಾಳಿಯಿಂದ ಬೀದಿಯವರು ಇಟ್ಟ ಹೆಸರು ಅದು. ಅಸಲು ಹೆಸರು ಅವನಿಗೇ ಮರೆತಿರಬೇಕು. ಅಂಥವನಿಗೆ ನಿನ್ನೆ ಮೊನ್ನೆಯ ಹುಡುಗಿ ಮೋಟರಿನ ಪಾಠ ಹೇಳುವುದೆಂದರೆ!

"ನೋಡಮ್ಮ," ಎಂದ, "ದಾರಿ ಮಧ್ಯೆ ಕೈಕೊಟ್ರೆ ಇದನ್ನ ನಾನು ಬಿಚ್ಚಿ ನೋಡಬಹುದು. ನಿನ್ನ ಬಿಳೀದನ್ನ ಏನ್ ಮಾಡ್ಲಿ? ಮುಂದೆ ಕೂತು ಕೈಮುಗೀಲಾ?"

ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಇರಲಿಲ್ಲ. ಆದರೂ ಅವನು ಕಪ್ಪನ್ನೇ ಎತ್ತಿಕೊಂಡ. ಒಳಗಿರುವುದು ಕಣ್ಣಿಗೆ ಕಾಣದ ವಸ್ತುವನ್ನು ನಂಬಿ ಅವನಿಗೆ ಅಭ್ಯಾಸವಿರಲಿಲ್ಲ. ಹೆಂಡತಿಯ ಶ್ವಾಸಕೋಶವೊಂದೇ ಬಿಚ್ಚಿ ನೋಡಲಾಗದ್ದು. ಅದರ ವಿಷಯದಲ್ಲಿ ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಕೊಂಡು ಒಳಗೊಳಗೇ ಕುದಿಯುತ್ತಿದ್ದ.

ಅವಳು ಹಾಸಿಗೆ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಹತ್ತಿ ತುಂಬಿದವಳು. ಈಗ ಆ ಹತ್ತಿಯ ದೂಳೆಲ್ಲ ಅವಳ ಎದೆಯಲ್ಲಿ ಕೂತಿತ್ತು. ಮೂಗಿಗೆ ಸಣ್ಣ ನಳಿಕೆ, ನಳಿಕೆಯ ಆ ತುದಿಗೆ ಮಂಚದ ಪಕ್ಕದಲ್ಲಿ ಮೋಟರು ತಿರುಗಿಸಿ ಗಾಳಿಯಿಂದ ಆಕ್ಸಿಜನ್ ಸೋಸುತ್ತ ಗುರುಗುಡುವ ಮಿಷನ್ನು. ನಳಿಕೆ ಎಷ್ಟು ಉದ್ದವೋ ಅವಳ ಲೋಕವೂ ಅಷ್ಟೇ: ಮಂಚ, ಬಚ್ಚಲು, ಕಿಟಕಿ. ಎರಡು ವರ್ಷದಿಂದ ಅವಳು ಏನನ್ನೂ ಬೇಕೆಂದು ಕೇಳಿರಲಿಲ್ಲ. ಮೊನ್ನೆ ಅಕ್ಕನ ಮಗಳು ಫೋನು ಮಾಡಿ, "ಅಮ್ಮಂದು ಇನ್ನು ನಾಲ್ಕೈದು ದಿನ ಅಂತಿದ್ದಾರೆ ಚಿಕ್ಕಮ್ಮ," ಎಂದಾಗ ಕೇಳಿದಳು.

"ರೀ, ಒಂದ್ಸಲ... ಅಕ್ಕನ ಮುಖ ತೋರಿಸಿಬಿಡಿ."

ತಾಯಿಯಿಲ್ಲದ ಅವಳನ್ನು ಎತ್ತಿ ಆಡಿಸಿ, ತಲೆ ಬಾಚಿ, ಮದುವೆ ಮಾಡಿ ಕಳಿಸಿದವಳು ಆ ಅಕ್ಕ. ಬಿಚ್ಚಪ್ಪ ಆಂಬುಲೆನ್ಸಿನವನನ್ನು ಕೇಳಿದ. "ರೋಗೀನ ಆಸ್ಪತ್ರೆಗೆ ಬಿಡ್ತೀವಿ, ನೆಂಟರ ಮನೆಗಲ್ಲ," ಎಂದು ಅವನು ಫೋನಿಟ್ಟ. ಆಸ್ಪತ್ರೆಯವರು ತುರ್ತಿಗೆಂದು ಒಂದೇ ಒಂದು ಪುಟ್ಟ ಸಿಲಿಂಡರ್ ಕೊಟ್ಟರು. ಅದು ಬರುವುದು ಒಂದೂವರೆ ಗಂಟೆ. ಅಕ್ಕನ ಮನೆ ಇವಳ ತವರೂರಲ್ಲೇ, ಮೂರೂವರೆ ಗಂಟೆಯ ದಾರಿ. ಉಳಿದದ್ದು ಅವನ ಹಳೇ ಕಾರು ಮತ್ತು ಕಪ್ಪು ಪೆಟ್ಟಿಗೆ.

ಕೆಲಸದಲ್ಲಿ ಅವನು ಎಲ್ಲೂ ಕಳ್ಳಾಟ ಆಡಲಿಲ್ಲ. ಬ್ಯಾಟರಿಯಿಂದಲೇ ದಪ್ಪ ವೈರು ಎಳೆದು, ಫ್ಯೂಸು ಕೂರಿಸಿ, ಪೆಟ್ಟಿಗೆಯನ್ನು ಮುಂದಿನ ಸೀಟಿನ ಕೆಳಗೆ ಬಿಗಿದ. ಅದು ಆರುನೂರು ವ್ಯಾಟಿನದು. ಮಿಷನ್ನಿಗೆ ಬೇಕಾದದ್ದು ಮುನ್ನೂರೈವತ್ತು. ತನ್ನ ಅಂಗಡಿಯ ಪದ್ಧತಿಯಂತೆ ಐನೂರು ವ್ಯಾಟಿನ ದೊಡ್ಡ ಬಲ್ಬು ಹಚ್ಚಿ ಎರಡು ಗಂಟೆ ಬಿಟ್ಟ. ಬಲ್ಬು ಕಣ್ಣು ಮಿಟುಕಿಸಲಿಲ್ಲ. ಅವನ ಅಂಗಡಿಯಲ್ಲಿ ಬಲ್ಬು ಪಾಸು ಮಾಡಿದ್ದನ್ನು ಯಾರೂ ಫೇಲು ಮಾಡುವಂತಿರಲಿಲ್ಲ. ಆಮೇಲೆ ಅವಳನ್ನು ಕಾರಿನಲ್ಲಿ ಕೂರಿಸಿ ಹೆಸರಿಗೆ ಹತ್ತು ನಿಮಿಷ ಮಿಷನ್ನನ್ನೂ ಓಡಿಸಿ ನೋಡಿದ.

"ಮನೇಲಿ ಹೀಗೆ ಗೊರಕೆ ಹೊಡೀತಿರಲಿಲ್ಲ," ಎಂದಳು ಹೆಂಡತಿ.

"ಹೊಸ ಜಾಗ ಅಲ್ವಾ, ಗೊಣಗುತ್ತೆ. ನಿನ್ನ ಥರಾನೇ."

ಅವಳು ನಕ್ಕಳು. ನಕ್ಕರೆ ಉಸಿರು ಖರ್ಚಾಗುವುದರಿಂದ ಅವಳನ್ನು ನಗಿಸುವುದನ್ನೂ ಅವನು ಬಿಟ್ಟಿದ್ದ. ಆವತ್ತು ಮಾತ್ರ ಇಬ್ಬರೂ ಲೆಕ್ಕವಿಲ್ಲದೆ ನಕ್ಕರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಹೊರಟರು. ಹಿಂದಿನ ಸೀಟಿನಲ್ಲಿ ಅವಳು, ಪಕ್ಕದಲ್ಲಿ ಬೆಲ್ಟು ಕಟ್ಟಿಸಿಕೊಂಡ ಮಿಷನ್ನು. ನೀಲಿ ಸೀರೆ ಉಟ್ಟಿದ್ದಳು. ದಾರಿಯಲ್ಲಿ ಕಂಡದ್ದನ್ನೆಲ್ಲ ಎಳೆಯ ಮಗುವಿನಂತೆ ಓದಿ ಹೇಳುತ್ತಿದ್ದಳು. ಪೆಟ್ರೋಲ್ ಬಂಕು, ಮದುವೆ ಮಂಟಪ, ಯಾರದೋ ಹುಟ್ಟುಹಬ್ಬದ ಬೋರ್ಡು. ಬಿಚ್ಚಪ್ಪನಿಗೆ ಹೆಮ್ಮೆಯಿಂದ ಎದೆಯುಬ್ಬಿತ್ತು.

ಒಂದೂಕಾಲು ಗಂಟೆ ಕಳೆದಿರಬೇಕು, ಸುಟ್ಟ ವಾಸನೆ ಬಂತು. ಅದೇನೆಂದು ಅವನ ಮೂಗಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸೀಟಿನ ಕೆಳಗಿಂದ ಸಣ್ಣಗೆ ಹೊಗೆ ಎದ್ದಿತು, ಹಿಂದೆ ಮಿಷನ್ನು ನಿಂತು ಕೀ ಎಂದು ಕೂಗಿಕೊಂಡಿತು. ಕಾರನ್ನು ಬದಿಗೆ ಹಾಕಿ, ನಳಿಕೆಯನ್ನು ಸಿಲಿಂಡರಿಗೆ ಬದಲಾಯಿಸುವಷ್ಟರಲ್ಲಿ ಅವಳ ತುಟಿ ಸೀರೆಯ ಬಣ್ಣಕ್ಕೆ ತಿರುಗಿತ್ತು.

ಸ್ವಲ್ಪ ಮುಂದೆಯೇ ಟೈರಿನ ಅಂಗಡಿಯೊಂದಿತ್ತು. ಟೈರಿನವನು ಏನೂ ಕೇಳದೆ ತನ್ನ ಗಾಳಿ ಪಂಪಿನ ಪ್ಲಗ್ಗು ಕಿತ್ತು ಜಾಗ ಮಾಡಿಕೊಟ್ಟ. ಗೋಡೆಯ ಕರೆಂಟು ಸಿಕ್ಕಿದ್ದೇ ಮಿಷನ್ನು ಹಳೆಯ ದನಿಯಲ್ಲಿ ಗುರುಗುಡತೊಡಗಿತು. ಅವಳು ಟೈರುಗಳ ನಡುವೆ ಸ್ಟೂಲಿನ ಮೇಲೆ ಕೂತು, ಎರಡೂ ಕೈಯನ್ನು ಮೊಣಕಾಲಿಗೆ ಊರಿ ಉಸಿರು ಎಳೆದುಕೊಂಡಳು.

ಬಿಚ್ಚಪ್ಪ ನೆಲದ ಮೇಲೆ ಕೂತು ಕಪ್ಪು ಪೆಟ್ಟಿಗೆಯ ನಾಲ್ಕು ಸ್ಕ್ರೂ ಬಿಚ್ಚಿದ. ಸುಲಭವಾಗಿ ಬಂದವು. ಒಳಗೆ ಬೆರಳುಗುರಿನಷ್ಟು ದೊಡ್ಡ ನಾಲ್ಕು ಭಾಗಗಳು ಸಿಡಿದು, ಅವು ಕೂತಿದ್ದ ಸರ್ಕ್ಯೂಟಿನ ಹಲಗೆ ಕರಕಲಾಗಿತ್ತು. ಅವನಿಗೆ ಎಲ್ಲ ಕಂಡಿತು, ಎಲ್ಲ ಅರ್ಥವಾಯಿತು. ಬಲ್ಬಿಗೆ ಉಸಿರಾಡುವ ಕೆಲಸವಿಲ್ಲ, ತಿರುಗುವ ಕೆಲಸವಿಲ್ಲ. ಒರಟು ಕರೆಂಟಾದರೂ ಅದು ಉರಿಯುತ್ತದೆ. ಬಲ್ಬನ್ನು ಎರಡು ಗಂಟೆ ಉರಿಸಿ, ಮೋಟರನ್ನು ಹತ್ತೇ ನಿಮಿಷ ಓಡಿಸಿದ್ದ.

"ಆಗುತ್ತಾ?" ಟೈರಿನವನು ಬಗ್ಗಿ ಕೇಳಿದ.

"ಇಲ್ಲ."

"ಇಲ್ಲೆಲ್ಲೂ ಇದರ ಸಾಮಾನು ಸಿಗಲ್ಲ ಅಣ್ಣ."

"ಗೊತ್ತು."

ಮುಂದೆ ಇನ್ನೂ ಎರಡೂಕಾಲು ಗಂಟೆಯ ದಾರಿ. ಹಿಂದೆ ಒಂದೂಕಾಲು. ಸಿಲಿಂಡರಿನಲ್ಲಿ ಉಳಿದದ್ದು ಒಂದು ಗಂಟೆ ಇಪ್ಪತ್ತು ನಿಮಿಷಕ್ಕಾಗುವಷ್ಟು. ಅವನು ಬೆರಳು ಮಡಿಸಿ ಎಣಿಸಿದ, ಮತ್ತೆ ಎಣಿಸಿದ. ಹೇಗೆ ಎಣಿಸಿದರೂ ಮನೆಗೆ ಮಾತ್ರ ಮುಟ್ಟುತ್ತಿತ್ತು.

ರಸ್ತೆಯ ಅಂಚಿಗೆ ಹೋಗಿ ಅಕ್ಕನ ಮಗಳಿಗೆ ಫೋನು ಮಾಡಿದ. "ಇವತ್ತು ಆಗಲ್ಲಮ್ಮ. ಪೆಟ್ಟಿಗೆ ಸುಟ್ಟುಹೋಯ್ತು. ತಪ್ಪು ನಂದೇ."

"ಅಮ್ಮ ಬೆಳಿಗ್ಗೆಯಿಂದ ನೀರೂ ಮುಟ್ಟಿಲ್ಲ ಚಿಕ್ಕಪ್ಪ. ಅವಳು ಬರಲಿ ಆಮೇಲೆ ಅಂತಾಳೆ. ನಾನು ಹೇಳಲಾರೆ. ನೀವೇ ಹೇಳಿ."

ಅವನು ಹೆಂಡತಿಯ ಮುಂದೆ ಬಂದು ನಿಂತ. ಅಕ್ಕ ನೀರೂ ಮುಟ್ಟದೆ ಕಾಯುತ್ತಿದ್ದಾಳೆಂದು ಹೇಳಿ, ಬಿಚ್ಚಿದ ಪೆಟ್ಟಿಗೆಯನ್ನು ತೋರಿಸಿದ. ಅವಳು ಅದನ್ನು ನೋಡಲಿಲ್ಲ, ಅವನನ್ನು ನೋಡಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ನಾಳೆ ಬಿಳೀದು ತರ್ತೀನಿ," ಎಂದ. "ನಾಡಿದ್ದು ಹೋಗೋಣ."

"ಹೂಂ," ಎಂದಳು. ಅಕ್ಕನಿಗೆ ನಾಡಿದ್ದು ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕೈಚಾಚಿ, "ಫೋನು ಕೊಡಿ," ಎಂದಳು.

ಅಕ್ಕನ ಮಗಳು ಫೋನನ್ನು ಅಕ್ಕನ ಕಿವಿಗೆ ಹಿಡಿದಿರಬೇಕು. ಇತ್ತ ಇವಳು ಕಣ್ಣು ಮುಚ್ಚಿ, ಒಂದೊಂದೇ ಮಾತನ್ನು ಜೋಡಿಸಿಕೊಂಡು ಹೇಳಿದಳು. "ಅಕ್ಕ... ದಾರೀಲಿದ್ದೀನಿ. ನೀರು ಕುಡಿ... ನಾನು ಬರ್ತಿದ್ದೀನಿ."

ಬಿಚ್ಚಪ್ಪ ಸಿಲಿಂಡರಿಗೆ ನಳಿಕೆ ಸಿಕ್ಕಿಸಿ, ಅವಳನ್ನು ತೋಳಲ್ಲಿ ಹಿಡಿದು ಕಾರಿಗೆ ಹತ್ತಿಸಿದ. ಟೈರಿನವನು ಮಿಷನ್ನನ್ನು ತಂದಿಟ್ಟ. ಕಾರು ಬಂದ ದಾರಿಗೇ ತಿರುಗಿತು.

ಅಕ್ಕನಿಗೆ ನೀರು ಇಳಿಯಿತೆಂದು ಮಗಳು ತಿಳಿಸಿದಳು. ಎರಡು ಚಮಚ. ಆಮೇಲೆ ಮತ್ತೆ ಫೋನು ಬಂತು, ತಂಗಿ ಎಲ್ಲಿದ್ದಾಳೆಂದು ಅಕ್ಕ ಕೇಳುತ್ತಿದ್ದಾಳೆ ಎಂದು.

"ಸೇತುವೆ... ದಾಟಿದ್ವಿ ಅಕ್ಕ," ಎಂದಳು ಇವಳು. ಕಿಟಕಿಯಾಚೆ ಬೆಳಿಗ್ಗೆ ಕಂಡಿದ್ದ ಮದುವೆ ಮಂಟಪ ಹಿಂದಕ್ಕೆ ಸರಿಯುತ್ತಿತ್ತು. "ನೀರು ಕೆಳಗಿದೆ. ನೀನು ಬಟ್ಟೆ ಒಗೀತಿದ್ದ ಕಲ್ಲು... ಕಾಣ್ತಿದೆ."

ಬಿಚ್ಚಪ್ಪ ಕನ್ನಡಿಯಲ್ಲಿ ಸಿಲಿಂಡರಿನ ಮೀಟರಿನ ಮುಳ್ಳು ನೋಡಿದ. ಅವಳು ಆಡುವ ಒಂದೊಂದು ಮಾತಿಗೂ ಗಾಳಿ ಬೇಕು. "ಮಾತಾಡಬೇಡ ಕಣೇ," ಎಂದು ಹೇಳಬೇಕಿತ್ತು. ಹೇಳುವ ಮುಖ ಅವನಿಗಿರಲಿಲ್ಲ. ಇನ್ನಷ್ಟು ಜೋರಾಗಿ ಓಡಿಸಿದ. ಕಣ್ಣು ಮಂಜಾದಾಗ ತೋಳಿನಿಂದ ಒರೆಸಿಕೊಂಡ.

ಮೂರನೆಯ ಸಲ ಫೋನು ಬಂದಾಗ ಅವಳ ಮಾತಿನಲ್ಲಿ ಇಟ್ಟಿಗೆ ಗೂಡು ಬಂತು. ನಾಲ್ಕನೆಯ ಸಲ ಶಾಲೆಯ ಕಾಂಪೌಂಡು, ಅದರ ಮೇಲೆ ಅಕ್ಕತಂಗಿಯರು ಸಾಲಾಗಿ ಕೂತು ಕಾಲಾಡಿಸುತ್ತಿದ್ದ ಜಾಗ. ಅವಳ ದನಿ ಇಳಿಯುತ್ತ ಬಂದು ಬರೀ ಉಸಿರಾಯಿತು. ಆದರೂ ಒಂದು ತಿರುವನ್ನೂ ಅವಳು ಬಿಡಲಿಲ್ಲ. ನಲವತ್ತು ವರ್ಷದ ಹಿಂದಿನ ಆ ದಾರಿಯನ್ನು ಇದ್ದ ಹಾಗೆ ಅಕ್ಕನಿಗೆ ಒಪ್ಪಿಸುತ್ತಿದ್ದಳು.

ಮುಳ್ಳು ಕೆಂಪು ಗೆರೆಯ ಮೇಲೆ ಬಂದಾಗ ಕಾರು ತಮ್ಮ ಬೀದಿಗೆ ಹೊರಳಿತು. ಬಿಚ್ಚಪ್ಪ ಮನೆಯ ಮುಂದೆ ನಿಲ್ಲಿಸಿ, ಇಳಿದು, ಮಿಷನ್ನು ಎತ್ತಿಕೊಳ್ಳಲು ಹಿಂದಿನ ಬಾಗಿಲು ತೆರೆದ. ಅವಳ ಕಿವಿಯಲ್ಲಿ ಫೋನಿತ್ತು.

"ಬಂದೆ ಅಕ್ಕ," ಎಂದಳು.

ಆ ಕಡೆಯ ದನಿ ಅವನಿಗೂ ಕೇಳಿಸಿತು. ತೀರಾ ಕ್ಷೀಣವಾಗಿ, ಆದರೂ ಗದರಿದ ಹಾಗೆ ಅಕ್ಕ ತನ್ನ ಮಗಳಿಗೆ ಹೇಳುತ್ತಿದ್ದಳು: "ಬಂದ್ಲು ಕಣೇ. ನೋಡ್ತಾ ನಿಂತಿದ್ದೀಯಲ್ಲ, ಹೋಗು, ಬಾಗಿಲು ತೆಗಿ."

ಆಮೇಲೆ ಫೋನಿನಲ್ಲಿ ಮಗಳ ಹೆಜ್ಜೆಯ ಸಪ್ಪಳ, ಚಿಲಕ ಸರಿದ ಸದ್ದು.